ಪೈಪ್ ಕೆಲಸ ಮುಗಿದ ಮೇಲೆ ಅಡುಗೆಮನೆ ನಲ್ಲಿ ಕೈಕೊಟ್ಟರೆ ಎಲ್ಲಿಂದ ನೋಡಬೇಕು?

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಮಳೆ ಹಿಡಿಯುವ ಮೊದಲು ಹಳೇ ಜಿ.ಐ. (ಸತು ಲೇಪದ ಕಬ್ಬಿಣ) ಪೈಪ್ ಕಿತ್ತು ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್) ಹಾಕಿಸಿದೆವು. ಅಡುಗೆಮನೆ ಸಿಂಕಿಗೆ ಹೊಸ ನಲ್ಲಿಯೂ ಬಂತು. ಪ್ಲಂಬರ್ ಚಹಾ ಕುಡಿದು, ದುಡ್ಡು ತಗೊಂಡು ಹೋದರು. ಮಾರನೇ ಬೆಳಿಗ್ಗೆ ಅಮ್ಮ ಅಕ್ಕಿ ತೊಳೆಯಲು ನಲ್ಲಿ ತಿರುಗಿಸಿದರೆ, ನೀರು ಹಾಲು ಬತ್ತುತ್ತಿರುವ ಹಸುವಿನ ಮೊಲೆಯಿಂದ ಬಂದ ಹಾಗೆ ನೂಲಾಗಿ ಬಂತು. "ಇದಕ್ಕಿಂತ ದಬ್ಬೆಯಲ್ಲಿ ಬರ್ತಿದ್ದ ಅಬ್ಬಿ ನೀರೇ ವಾಸಿಯಿತ್ತಲ್ಲೋ ಮಾರಾಯ" ಅಂದರು. ದಬ್ಬೆ ಅಂದರೆ ಅಡಿಕೆ ಮರದ ಸೀಳು, ಅಬ್ಬಿ ಅಂದರೆ ಗುಡ್ಡದ ಝರಿ.

ನಾನು ಮಾಡಿದ ತಪ್ಪು ಏನೆಂದರೆ, ನಲ್ಲಿಯೇ ಸರಿಯಿಲ್ಲ ಅಂದುಕೊಂಡೆ. 60 ಕಿಲೋಮೀಟರ್ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ಜಾಸ್ತಿ ಬೆಲೆಯದ್ದೇ ಇನ್ನೊಂದು ತಂದು ಹಾಕಿದೆ. ಮತ್ತೆ ಅದೇ ನೂಲು. ಕೊನೆಗೆ ಸಿಂಕಿನ ಕೆಳಗಿನ ಆಂಗಲ್ ಕಾಕ್ (ಗೋಡೆಯಿಂದ ನಲ್ಲಿಗೆ ನೀರು ಬಿಡುವ ಸಣ್ಣ ವಾಲ್ವ್) ಬಿಚ್ಚಿದಾಗ ಕಂಡದ್ದು ಚಿಟಿಕೆಯಷ್ಟು ಪ್ಲಾಸ್ಟಿಕ್ ಪುಡಿ. ಪೈಪನ್ನು ಗರಗಸದಲ್ಲಿ ಕುಯ್ದಾಗ ಉದುರುತ್ತದಲ್ಲ, ಅದೇ. ಮೊದಲು ತೆಗೆದ ನಲ್ಲಿಯನ್ನು ಕೊಟ್ಟಿಗೆ ಹತ್ತಿರ ಹಾಕಿದೆ. ಅಲ್ಲಿ ಝುಮ್ಮೆಂದು ನೀರು ಬರುತ್ತಿದೆ.

ಆದ್ದರಿಂದ ನನ್ನ ಅನುಭವದ ಮಾತು ಇಷ್ಟು. ನಿನ್ನೆಯವರೆಗೆ ಸರಿಯಿದ್ದದ್ದು ಇವತ್ತು ಕೆಟ್ಟಿದ್ದರೆ, ನಿನ್ನೆ ಯಾರು ಎಲ್ಲಿ ಕೈ ಹಾಕಿದರು ಅನ್ನುವುದನ್ನು ಮೊದಲು ಕೇಳಿಕೊಳ್ಳಿ. ಪೈಪ್ ಕುಯ್ದಾಗ, ಜೋಡಿಸಿದಾಗ ಒಳಗೆ ಕಸ ಬೀಳುತ್ತದೆ. ಜೋಡಣೆಗೆ ಸುತ್ತುವ ಟೆಫ್ಲಾನ್ ಟೇಪಿನ ಎಳೆ, ಗಟ್ಟಿಯಾದ ಅಂಟು, ಮರಳು, ಹಳೇ ಪೈಪಿನ ತುಕ್ಕಿನ ಚಕ್ಕೆ ಎಲ್ಲವೂ ನೀರಿನ ಜೊತೆ ಸಾಗಿ, ದಾರಿ ಕಿರಿದಾದ ಕಡೆ ಕೂರುತ್ತವೆ. ಮನೆಯಲ್ಲಿ ಅತಿ ಕಿರಿದಾದ ದಾರಿ ಇರುವುದು ನಲ್ಲಿಯ ಬಾಯಲ್ಲಿ. ಅಲ್ಲಿಂದ ಹಿಂದಕ್ಕೆ ಹುಡುಕುತ್ತಾ ಹೋಗಬೇಕು.

ಕೈ ಹಾಕುವ ಮೊದಲು

ಟ್ಯಾಂಕಿನಿಂದ ಅಡುಗೆಮನೆಗೆ ಬರುವ ವಾಲ್ವ್ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಅದನ್ನು ಒಮ್ಮೆ ಮುಚ್ಚಿ, ನೀರು ನಿಲ್ಲುತ್ತದಾ ಅಂತ ಪರೀಕ್ಷಿಸಿ. ನಿಲ್ಲದಿದ್ದರೆ ಸಿಂಕಿನ ಕೆಳಗೆ ಏನನ್ನೂ ಬಿಚ್ಚಬೇಡಿ. ನೀರು ಕಾಯಿಸುವ ಗೀಸರ್ ಇದ್ದರೆ ಅದರ ಸ್ವಿಚ್ ಆರಿಸಿ. ಸಿಂಕಿನ ತೂತಿಗೆ ಹಳೇ ಬಟ್ಟೆ ತುರುಕಿ, ಇಲ್ಲದಿದ್ದರೆ ಸಣ್ಣ ವಾಷರ್ ಬಿದ್ದು ನೇರ ಬಚ್ಚಲುಗುಂಡಿಗೆ ಹೋಗುತ್ತದೆ. ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಟಾರ್ಚ್, ಸ್ಪ್ಯಾನರ್, ಹಳೇ ಟೂತ್‌ಬ್ರಷ್, ಬಕೆಟ್, ಒಂದು ಉರುಳೆ ಟೆಫ್ಲಾನ್ ಟೇಪ್.

ನೀರು ಸಣ್ಣಗೆ ಬರುತ್ತಿದೆ

ಎಲ್ಲರ ಮನೆಯಲ್ಲೂ ಕಾಣುವ ತೊಂದರೆ ಇದು. ಏನನ್ನಾದರೂ ಬಿಚ್ಚುವ ಮೊದಲು ಬಚ್ಚಲುಮನೆಗೆ ಹೋಗಿ ಅಲ್ಲಿನ ನಲ್ಲಿ ತಿರುಗಿಸಿ. ಅಲ್ಲೂ ಸಣ್ಣಗೆ ಬಂದರೆ ಅಡುಗೆಮನೆ ನಲ್ಲಿಯ ತಪ್ಪಲ್ಲ. ಟ್ಯಾಂಕ್ ಹತ್ತಿಯೇ ನೋಡಬೇಕು. ಕೆಲಸದವರು ವಾಲ್ವನ್ನು ಅರ್ಧ ತೆರೆದು ಮರೆತು ಹೋಗಿರುವುದು ಬಹಳ ಸಲ. ಬಾಲ್ ವಾಲ್ವ್ ಆದರೆ ಹಿಡಿ ಪೈಪಿಗೆ ನೇರವಾಗಿರಬೇಕು. ಅಡ್ಡ ನಿಂತಿದ್ದರೆ ಮುಚ್ಚಿದೆ ಎಂದೇ ಅರ್ಥ. ಚಕ್ರ ತಿರುಗಿಸುವ ಗೇಟ್ ವಾಲ್ವ್ ಆದರೆ ಪೂರ್ತಿ ತೆರೆಯುವವರೆಗೆ ತಿರುಗಿಸಿ, ಕೊನೆಯಲ್ಲಿ ಕಾಲು ಸುತ್ತು ಹಿಂದಕ್ಕೆ ಬಿಡಿ, ಮುಂದೆ ಸಿಕ್ಕಿಕೊಳ್ಳುವುದಿಲ್ಲ.

ಅಡುಗೆಮನೆಯಲ್ಲಿ ಮಾತ್ರ ತೊಂದರೆಯಾದರೆ ನಲ್ಲಿಯ ಬಾಯಲ್ಲಿರುವ ಜಾಲರಿ ಬಿಚ್ಚಿ. ಅಂಗಡಿಯವರು ಇದನ್ನು ಫೋಮ್ ಫ್ಲೋ ಎನ್ನುತ್ತಾರೆ. ಒದ್ದೆ ಬಟ್ಟೆ ಸುತ್ತಿ ಕೈಯಲ್ಲೇ ತಿರುಗಿಸಿದರೆ ಬಹುತೇಕ ಬರುತ್ತದೆ. ಬರದಿದ್ದರೆ ಬಟ್ಟೆಯ ಮೇಲೆ ಸ್ಪ್ಯಾನರ್ ಇಟ್ಟು ಮೆಲ್ಲಗೆ ತಿರುಗಿಸಿ, ಬರೀ ಲೋಹಕ್ಕೆ ಇಟ್ಟರೆ ಹೊಳಪು ಗೀರಿ ಹೋಗುತ್ತದೆ. ಒಳಗಿನ ಬಿಡಿಭಾಗಗಳು ಯಾವ ಸಾಲಿನಲ್ಲಿದ್ದವು ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ನಾನು ತೆಗೆಯಲಿಲ್ಲ, ಅರ್ಧ ಗಂಟೆ ಒದ್ದಾಡಿದೆ.

ಜಾಲರಿ ತೆಗೆದ ಮೇಲೆ ನಲ್ಲಿಯನ್ನು ಪೂರ್ತಿ ತೆರೆಯಿರಿ. ನೀರು ಈಗ ಜೋರಾಗಿ ಬಂದರೆ ಕೆಲಸ ಮುಗಿಯಿತು. ಎರಡು ಮೂರು ನಿಮಿಷ ಹಾಗೇ ಹರಿಯಲು ಬಿಡಿ, ಜಾಲರಿಯನ್ನು ಬ್ರಷ್ಷಿನಲ್ಲಿ ಉಜ್ಜಿ ಹಾಕಿ. ಬಿಳಿ ಪುಡಿ ಕಂಡರೆ ಪೈಪಿನದ್ದು, ಕೆಂಪು ಚಕ್ಕೆ ಕಂಡರೆ ಹಳೇ ಜಿ.ಐ. ತುಕ್ಕು, ಬಿಳಿ ನೂಲಿನಂಥದ್ದು ಕಂಡರೆ ಟೇಪು. ಬೋರ್‌ವೆಲ್ ನೀರಿನ ಮನೆಯಲ್ಲಿ ಜಾಲರಿಗೆ ಉಪ್ಪು ಕಟ್ಟಿರುವುದೂ ಉಂಟು, ಅದಕ್ಕೆ ನಿಂಬೆರಸದಲ್ಲಿ ಒಂದು ಗಂಟೆ ನೆನೆಸಿಟ್ಟರೆ ಸಾಕು.

ಜಾಲರಿ ತೆಗೆದರೂ ನೀರು ಸಣ್ಣಗಿದ್ದರೆ ಸಿಂಕಿನ ಕೆಳಗೆ ಇಳಿಯಬೇಕು. ಗೋಡೆಯಿಂದ ಹೊರಬರುವ ಆಂಗಲ್ ಕಾಕ್ ಪೂರ್ತಿ ತೆರೆದಿದೆಯಾ ನೋಡಿ. ನಂತರ ಅದನ್ನು ಮುಚ್ಚಿ, ನಲ್ಲಿಗೆ ಹೋಗುವ ಕನೆಕ್ಷನ್ ಪೈಪಿನ ಮೇಲ್ತುದಿ ಬಿಚ್ಚಿ ಬಕೆಟ್ಟಿನೊಳಗೆ ಬಿಡಿ. ಈಗ ಆಂಗಲ್ ಕಾಕ್ ತೆರೆಯಿರಿ. ಬಕೆಟ್ಟಿಗೆ ನೀರು ಜೋರಾಗಿ ಬಿದ್ದರೆ ಕಸ ನಲ್ಲಿಯ ಒಳಗಿದೆ. ಬಕೆಟ್ಟಿಗೂ ಸಣ್ಣಗೆ ಬಿದ್ದರೆ ಕನೆಕ್ಷನ್ ಪೈಪಿನಲ್ಲೋ, ಆಂಗಲ್ ಕಾಕಿನಲ್ಲೋ, ಗೋಡೆಯೊಳಗೋ ಇದೆ. ಈ ಒಂದು ಪರೀಕ್ಷೆ ಮೊದಲೇ ಮಾಡಿದ್ದರೆ ನನ್ನ ಶಿವಮೊಗ್ಗದ ಬಸ್ ಚಾರ್ಜು, ನಲ್ಲಿ ದುಡ್ಡು ಎರಡೂ ಉಳಿಯುತ್ತಿತ್ತು. ಆಂಗಲ್ ಕಾಕನ್ನು ಐದಾರು ಸಲ ಪೂರ್ತಿ ಮುಚ್ಚಿ ತೆರೆದರೆ ಸಿಕ್ಕಿದ್ದ ಕಸ ಎಷ್ಟೋ ಸಲ ತಾನೇ ಬಕೆಟ್ಟಿಗೆ ಬಂದು ಬೀಳುತ್ತದೆ. ಬೀಳದಿದ್ದರೆ ಟ್ಯಾಂಕಿನ ವಾಲ್ವ್ ಮುಚ್ಚಿ ಆಂಗಲ್ ಕಾಕನ್ನೇ ಬಿಚ್ಚಬೇಕು. ಗೋಡೆಯೊಳಗಿನ ಎಲ್ಬೋ (ಪೈಪ್ ತಿರುಗುವಲ್ಲಿನ ಮೂಲೆ ತುಂಡು) ಪ್ಲಾಸ್ಟಿಕ್ಕಿನದ್ದಾದರೆ ಬಿಚ್ಚುವ ಭರದಲ್ಲಿ ಅದೇ ಸೀಳಿಬಿಡಬಹುದು. ಬಿಗಿಯಾಗಿದ್ದರೆ ಬಲ ಹಾಕಬೇಡಿ, ಪ್ಲಂಬರ್‌ಗೆ ಬಿಡಿ.

ಇನ್ನೊಂದು ವಿಷಯ. ಕಸವೇ ಇಲ್ಲದೆಯೂ ನೀರು ಸಣ್ಣಗೆ ಬರಬಹುದು. ನಮ್ಮ ಕಡೆ ಒಂದಂತಸ್ತಿನ ಮನೆಗಳೇ ಜಾಸ್ತಿ, ಟ್ಯಾಂಕ್ ನಲ್ಲಿಗಿಂತ ಮೂರು ಮೀಟರ್ ಮೇಲಿದ್ದರೆ ಹೆಚ್ಚು. ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 1 ಬಾರ್. ಮೂರು ಮೀಟರಿಗೆ 0.3 ಬಾರ್ ಅಷ್ಟೇ. ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಗಳಲ್ಲಿ ಕೆಲವು ಇದಕ್ಕಿಂತ ಜಾಸ್ತಿ ಒತ್ತಡ ಬೇಡುತ್ತವೆ, ಎಷ್ಟೆಂದು ಪೆಟ್ಟಿಗೆ ಮೇಲೆ ಬರೆದಿರುತ್ತಾರೆ. ಹಳೇ ಹಿತ್ತಾಳೆ ನಲ್ಲಿಯಲ್ಲಿ ಧಾರಾಳವಾಗಿ ಬರುತ್ತಿದ್ದ ನೀರು ಹೊಸ ಚಂದದ ನಲ್ಲಿಯಲ್ಲಿ ಬರುವುದಿಲ್ಲ ಅಂದರೆ, ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಜಾಲರಿ ಇಲ್ಲದ ಸಾದಾ ಸಿಂಕ್ ಕಾಕ್ ಹಾಕಿಸುವುದೇ ಒಳ್ಳೆಯದು.

ಗುಡ್ಡದ ತೊರೆಯಿಂದ ಕಪ್ಪು ಪೈಪಿನಲ್ಲಿ ನೀರು ತರುವ ಮನೆಯವರು ಪೈಪಿನ ತಲೆಯನ್ನೂ ನೋಡಿಬನ್ನಿ. ಮೊದಲ ಮಳೆಗೆ ತರಗೆಲೆ, ಮಣ್ಣು ಬಂದು ಜಾಲಿಗೆ ಕವುಚಿಕೊಳ್ಳುತ್ತವೆ. ಪೈಪ್ ಕೆಲಸವೂ ಮೊದಲ ಮಳೆಯೂ ಒಂದೇ ವಾರ ಆದರೆ ತಪ್ಪು ಸುಮ್ನೆ ಪ್ಲಂಬರ್ ತಲೆಗೆ ಬರುತ್ತದೆ.

ತಣ್ಣೀರು ಸರಿ, ಬಿಸಿನೀರು ಬರುತ್ತಿಲ್ಲ

ಬಿಸಿನೀರಿನ ಕಡೆಯ ಆಂಗಲ್ ಕಾಕ್ ಮುಚ್ಚಿದೆಯಾ ನೋಡಿ. ಅದಲ್ಲದಿದ್ದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ಟ್ಯಾಂಕ್ ಖಾಲಿ ಮಾಡಿ ಕೆಲಸ ಮಾಡಿದ ಮೇಲೆ ಪೈಪ್ ಎಲ್ಲಿ ಮೇಲೆದ್ದು ಕೆಳಗಿಳಿಯುತ್ತದೋ ಅಲ್ಲಿ ಗಾಳಿ ನಿಲ್ಲುತ್ತದೆ. ಟ್ಯಾಂಕಿನ ಒತ್ತಡ ಕಡಿಮೆ ಇರುವಲ್ಲಿ ಅದನ್ನು ತಳ್ಳಲು ನೀರಿಗೆ ಶಕ್ತಿ ಸಾಲುವುದಿಲ್ಲ. ಟ್ಯಾಂಕನ್ನು ಪೂರ್ತಿ ತುಂಬಿಸಿ, ಮನೆಯ ಎಲ್ಲಾ ಬಿಸಿನೀರಿನ ನಲ್ಲಿಗಳನ್ನು ತೆರೆಯಿರಿ, ಅತಿ ತಗ್ಗಿನದ್ದನ್ನು ಮೊದಲು. ಬುಸ್ ಬುಸ್ ಎಂದು ಉಗುಳಿ, ಕೊನೆಗೆ ಒಂದೇ ಸಮನೆ ಹರಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಬಿಸಿನೀರಿನ ನಲ್ಲಿಯಲ್ಲಿ ನೀರು ಒಂದೇ ಸಮನೆ ಬರುವವರೆಗೆ ಗೀಸರ್ ಹಾಕಲೇಬೇಡಿ. ಒಳಗೆ ನೀರಿಲ್ಲದೆ ಕಾದರೆ ಕಾಯಿಲ್ ಸುಟ್ಟುಹೋಗುತ್ತದೆ. ಚಾವಣಿಯ ಮೇಲೆ ಗಾಜಿನ ಕೊಳವೆಯ ಸೋಲಾರ್ ಇದ್ದು, ಅದನ್ನು ಖಾಲಿ ಮಾಡಿದ್ದರೆ ಮಧ್ಯಾಹ್ನದ ಬಿಸಿಲಲ್ಲಿ ನೀರು ತುಂಬಿಸಬೇಡಿ. ಕಾದ ಗಾಜಿಗೆ ತಣ್ಣೀರು ತಾಗಿದರೆ ಚಟ್ಟೆಂದು ಒಡೆಯುತ್ತದೆ. ಬೆಳಗಿನ ಜಾವ ಅಥವಾ ಕತ್ತಲಾಗಿ ಕೊಳವೆ ತಣಿದ ಮೇಲೆ ತುಂಬಿಸಿ.

ಬಿಸಿನೀರಿನ ದಾರಿಗೆ ಯಾವ ಪೈಪ್ ಹಾಕಿದ್ದಾರೆ ಎಂದೂ ನೋಡಿ. ಸಾದಾ ಪಿವಿಸಿ ಪೈಪ್ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ. ಬೇಸಿಗೆಯ ಸೋಲಾರ್ ನೀರು ಅದನ್ನು ಸುಲಭವಾಗಿ ದಾಟುತ್ತದೆ. ಪೈಪಿನ ಮೇಲೆ ಸಿಪಿವಿಸಿ ಎಂದು ಅಚ್ಚಾಗಿರದಿದ್ದರೆ ಕೆಲಸ ಮಾಡಿದವರನ್ನು ವಾಪಸ್ ಕರೆಸಿ ಕೇಳಿ. ಇದರಲ್ಲಿ ಸಂಕೋಚ ಬೇಡ.

ಬಲಕ್ಕೆ ತಿರುಗಿಸಿದರೆ ಬಿಸಿ, ಎಡಕ್ಕೆ ತಿರುಗಿಸಿದರೆ ತಣ್ಣಗೆ ಬರುತ್ತಿದ್ದರೆ ಕೆಳಗಿನ ಎರಡು ಕನೆಕ್ಷನ್ ಪೈಪ್ ಅದಲು ಬದಲಾಗಿವೆ. ಐದು ನಿಮಿಷದ ಕೆಲಸ. ಮಕ್ಕಳಿರುವ ಮನೆಯಾದರೆ ಅಂದೇ ಸರಿಮಾಡಿ.

ನೀರಿನ ಬಣ್ಣ, ವಾಸನೆ ಸರಿಯಿಲ್ಲ

ಗಾಜಿನ ಲೋಟದಲ್ಲಿ ಹಿಡಿದು ಎರಡು ನಿಮಿಷ ಇಡಿ. ಹಾಲಿನಂತೆ ಬೆಳ್ಳಗಿದ್ದು, ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಬರೀ ಗಾಳಿಗುಳ್ಳೆ. ಹೆದರಬೇಡಿ. ತಳದಲ್ಲಿ ಮರಳು, ಬೂದಿಬಣ್ಣದ ಪುಡಿ ನಿಂತರೆ ಗೋಡೆ ಒಡೆದಾಗ ಸೇರಿದ ಸಿಮೆಂಟು. ಕೆಂಪು ಬಣ್ಣ ಕಂಡರೆ ಉಳಿದಿರುವ ಜಿ.ಐ. ಪೈಪಿನ ತುಕ್ಕು ಅಲುಗಾಡಿದೆ. ಆದರೆ ಜಂಬಿಟ್ಟಿಗೆ ನೆಲದ ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶದಿಂದಲೂ ಕೆಂಪು ಬರುತ್ತದೆ. ಟ್ಯಾಂಕಿನಿಂದಲೇ ಒಂದು ಲೋಟ ಎತ್ತಿ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ಬಣ್ಣವಿದ್ದರೆ ಪೈಪಿನ ತಪ್ಪಲ್ಲ.

ಪೇಂಟಿನಂಥ ಘಾಟು ವಾಸನೆ ಪೈಪ್ ಅಂಟಿನದ್ದು. ಅಂಟು ಒಣಗುವ ಮೊದಲೇ ನೀರು ಬಿಟ್ಟಿರುತ್ತಾರೆ. ಎಷ್ಟು ಹೊತ್ತು ಒಣಗಬೇಕು ಎಂದು ಅಂಟಿನ ಡಬ್ಬಿ ಮೇಲೇ ಇರುತ್ತದೆ, ನಮ್ಮ ಜಡಿಮಳೆಯ ತಂಪಿನಲ್ಲಿ ಅದಕ್ಕಿಂತ ಜಾಸ್ತಿಯೇ ಬೇಕು. ಹತ್ತು ನಿಮಿಷ ನೀರು ಹರಿಸಿ, ರಾತ್ರಿ ನಿಂತ ನೀರನ್ನು ಬೆಳಿಗ್ಗೆ ಮತ್ತೆ ಹರಿಸಿ. ವಾಸನೆ ಪೂರ್ತಿ ಹೋಗುವವರೆಗೆ ಕುಡಿಯಲು, ಅಡುಗೆಗೆ ಬಾವಿಯಿಂದ ಸೇದಿ ತನ್ನಿ. ಇದನ್ನೆಲ್ಲ ಹರಿಸುವಾಗ ನೀರು ಶುದ್ಧ ಮಾಡುವ ಯಂತ್ರದ ವಾಲ್ವ್ ಮುಚ್ಚಿರಲಿ. ಇಲ್ಲದಿದ್ದರೆ ಕಸವೆಲ್ಲ ಅದರ ಫಿಲ್ಟರಿಗೆ ಹೋಗಿ ಅಲ್ಲಿ ಬೇರೆ ಖರ್ಚು.

ನಲ್ಲಿ ಮುಚ್ಚಿದರೂ ಹನಿ ನಿಲ್ಲುತ್ತಿಲ್ಲ

ಸೆಕೆಂಡಿಗೊಂದು ಹನಿ ಅಂದರೆ ದಿನಕ್ಕೆ ನಾಲ್ಕು ಲೀಟರಿಗೂ ಜಾಸ್ತಿ. ಮಳೆಗಾಲದಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಏಪ್ರಿಲ್‌ನಲ್ಲಿ ಬಾವಿ ತಳ ಕಾಣುವಾಗ ಲೆಕ್ಕಕ್ಕೆ ಬರುತ್ತದೆ.

ಹೊಸ ನಲ್ಲಿಗಳಲ್ಲಿ ಕಾಲು ಸುತ್ತಿಗೆ ತೆರೆದು ಮುಚ್ಚುವ ಸೆರಾಮಿಕ್ ಬಿಲ್ಲೆಗಳಿರುತ್ತವೆ. ಅವುಗಳ ನಡುವೆ ಒಂದು ಮರಳಿನ ಕಾಳು ಸಿಕ್ಕಿದರೂ ಹನಿಯುತ್ತದೆ. ಆಗ ನಾವೆಲ್ಲ ಏನು ಮಾಡುತ್ತೇವೆ? ಇನ್ನೂ ಬಿಗಿಯಾಗಿ ಮುಚ್ಚುತ್ತೇವೆ. ಅದೇ ಬಿಲ್ಲೆಗೆ ಗೀರು ಬೀಳಿಸುವ ದಾರಿ. ಜಾಲರಿ ತೆಗೆದು, ಪೂರ್ತಿ ತೆರೆದು ಒಂದು ನಿಮಿಷ ಹರಿಸಿ, ಮೆಲ್ಲಗೆ ಮುಚ್ಚಿ. ನಾಲ್ಕೈದು ಸಲ ಹೀಗೆ ಮಾಡಿ. ನಿಲ್ಲದಿದ್ದರೆ ಆ ಬಿಲ್ಲೆಗಳಿರುವ ಒಳಗಿನ ಸ್ಪಿಂಡಲ್ ಬದಲಿಸಬೇಕು. ಅಳತೆ ಒಂದಕ್ಕಿಂತ ಒಂದು ಬೇರೆ, ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ. ಹಳೇ ಕಾಲದ ಮೂರು ಸುತ್ತಿನ ಹಿತ್ತಾಳೆ ನಲ್ಲಿಯಾದರೆ ರಬ್ಬರ್ ವಾಷರ್ ಹಾಕಿದರೆ ಮುಗಿಯಿತು.

ಬಾಯಿಯ ಬದಲು ಹಿಡಿಯ ಕುತ್ತಿಗೆಯಿಂದ ನೀರು ಒಸರುತ್ತಿದ್ದರೆ, ಹಿಡಿಯ ಕೆಳಗಿನ ನಟ್ಟನ್ನು ತೀರ ಸ್ವಲ್ಪ ಬಿಗಿಮಾಡಿ ನೋಡಿ.

ಸಿಂಕಿನ ಕೆಳಗೆ ಒದ್ದೆ

ಮೊದಲ ಪ್ರಶ್ನೆ: ಇದು ಸೋರಿಕೆಯೇ, ಬೆವರೇ? ಆಷಾಢದಲ್ಲಿ ನಮ್ಮಲ್ಲಿ ಗಾಳಿಯೇ ಒದ್ದೆ. ತೊರೆಯ ತಣ್ಣೀರು ಹರಿಯುವ ಪೈಪಿನ ಮೈಮೇಲೆ ಹನಿ ಕಟ್ಟುತ್ತದೆ. ಎಲ್ಲವನ್ನೂ ಒಣ ಬಟ್ಟೆಯಲ್ಲಿ ಒರೆಸಿ, ಪ್ರತಿ ಜೋಡಣೆಗೆ ಒಣ ರಂಗೋಲಿ ಪುಡಿಯನ್ನೋ ವಿಭೂತಿಯನ್ನೋ ಉದುರಿಸಿ, ಕೆಳಗೆ ಪೇಪರ್ ಹಾಸಿ. ಅರ್ಧ ಗಂಟೆ ಬಿಟ್ಟು ಟಾರ್ಚ್ ಹಿಡಿದು ನೋಡಿ. ಪೈಪಿನ ಉದ್ದಕ್ಕೂ ಪುಡಿ ತೇವವಾದರೆ ಬೆವರು. ಒಂದೇ ಕಡೆ ಗೆರೆ ಎಳೆದ ಹಾಗೆ ಒದ್ದೆಯಾದರೆ ಅದೇ ಸೋರುವ ಜಾಗ. ನೀರು ಕೆಳಗೆ ಹರಿದು ಬೇರೆಲ್ಲೋ ತೊಟ್ಟಿಕ್ಕುತ್ತದೆ, ಹಾಗಾಗಿ ಒದ್ದೆಯಾದ ಅತಿ ಮೇಲಿನ ಜಾಗವನ್ನೇ ಹಿಡಿಯಬೇಕು.

ನಲ್ಲಿ ತೆರೆದಾಗ ಮಾತ್ರ ಒದ್ದೆಯಾಗುತ್ತದಾ, ಮುಚ್ಚಿದ್ದರೂ ಆಗುತ್ತದಾ ಎಂದೂ ಗಮನಿಸಿ. ಸಿಂಕಿನಲ್ಲಿ ನೀರು ಬಿಟ್ಟಾಗ ಮಾತ್ರ ಆದರೆ ತಪ್ಪು ಹೊರಹೋಗುವ ವೇಸ್ಟ್ ಪೈಪಿನದ್ದು. ಅದರ ನಟ್ಟನ್ನು ಕೈಯಲ್ಲೇ ಬಿಗಿ ಮಾಡಿದರೆ ಸಾಕು. ಯಾವಾಗಲೂ ಒದ್ದೆಯಿದ್ದರೆ ಕನೆಕ್ಷನ್ ಪೈಪ್ ನೋಡಿ. ಅದರ ತುದಿಯಲ್ಲಿ ನೀರು ತಡೆಯುವುದು ಒಳಗಿನ ರಬ್ಬರ್ ವಾಷರ್, ಟೆಫ್ಲಾನ್ ಅಲ್ಲ. ವಾಷರ್ ಬಿದ್ದುಹೋಗಿದ್ದರೆ, ಮಡಚಿದ್ದರೆ ಎಷ್ಟು ಟೇಪ್ ಸುತ್ತಿದರೂ ಸೋರುತ್ತದೆ. ಕೈಯಲ್ಲಿ ಬಿಗಿಮಾಡಿ, ಸ್ಪ್ಯಾನರಿನಲ್ಲಿ ಕಾಲು ಸುತ್ತು. ಅಷ್ಟೇ. ಗೋಡೆಯ ಎಲ್ಬೋಗೆ ಹೋಗುವ ಮರೆಗೆ (ತಿರುಪಿನ ಸುತ್ತುಗೆರೆಗೆ) ಮಾತ್ರ ಟೇಪ್ ಬೇಕು, ಅದನ್ನು ಮರೆ ತಿರುಗುವ ದಿಕ್ಕಿನಲ್ಲೇ ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಳ್ಳುತ್ತದೆ.

ಗೋಡೆ ಒದ್ದೆ, ಟೈಲ್ಸ್ ಸಂದಿಯಿಂದ ನೀರು

ಇಲ್ಲಿ ನಮ್ಮ ಕೈಚಳಕ ಮುಗಿಯಿತು. ನೀವು ಮಾಡಬಹುದಾದ್ದು ಖಚಿತ ಮಾಡಿಕೊಳ್ಳುವುದಷ್ಟೇ. ರಾತ್ರಿ ಎಲ್ಲಾ ನಲ್ಲಿ, ಫ್ಲಶ್, ಆಂಗಲ್ ಕಾಕ್ ಮುಚ್ಚಿ, ಪಂಪ್ ಹಾಕದೆ, ಟ್ಯಾಂಕಿನ ನೀರಿನ ಮಟ್ಟಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಮುಂದಿನ ರಾತ್ರಿ ಅಡುಗೆಮನೆ ಕಡೆಯ ವಾಲ್ವ್ ಕೂಡ ಮುಚ್ಚಿ. ಈಗ ಇಳಿಯದಿದ್ದರೆ ಸೋರಿಕೆ ಅಡುಗೆಮನೆ ಪೈಪಿನಲ್ಲೇ. ಮಣ್ಣಿನ ಗೋಡೆಯ ಹಳೇ ಮನೆಯಾದರೆ ಎರಡು ರಾತ್ರಿ ಕಾಯಲೂ ಬೇಡಿ. ವಾಲ್ವ್ ಮುಚ್ಚಿ, ಕೂಡಲೇ ಕರೆಯಿರಿ, ಆ ಗೋಡೆ ನೀರು ಕುಡಿದರೆ ಕುಸಿಯುತ್ತದೆ. ಸರಿಮಾಡಿದ ಮೇಲೆ ಟೈಲ್ಸ್ ಮುಚ್ಚುವ ಮೊದಲು ಕೈಪಂಪಿನಲ್ಲಿ ಒತ್ತಡ ಹಾಕಿ ತೋರಿಸಲು ಹೇಳಿ. ಕೇಳದೆ ಹೋದರೆ ಬಹಳ ಜನ ಮಾಡುವುದಿಲ್ಲ.

ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ

ಇದು ಪ್ಲಂಬರ್ ಕೆಲಸವಲ್ಲ. ನಲ್ಲಿ, ಸಿಂಕ್, ನೀರು ಯಾವುದನ್ನೂ ಮುಟ್ಟದೆ ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಕರೆಯಿರಿ. ಮೇನ್ ಸ್ವಿಚ್ ಹತ್ತಿರವೇ ಒದ್ದೆ ಇದ್ದರೆ ಅದನ್ನೂ ಮುಟ್ಟದೆ ಕರೆಂಟ್ ಕಂಪನಿ ಮೆಸ್ಕಾಂಗೆ ಫೋನ್ ಮಾಡಿ.

ಪೈಪ್ ಬದಲಿಸಿದ ಮೇಲೇ ಇದು ಶುರುವಾಗಲು ಕಾರಣವಿದೆ. ಹಳೇ ಮನೆಗಳಲ್ಲಿ ಗೀಸರ್ ಅಥವಾ ಪಂಪಿನಿಂದ ಸೋರುವ ಕರೆಂಟು ಕಬ್ಬಿಣದ ಪೈಪಿನ ಮೂಲಕ ನೆಲಕ್ಕೆ ಇಳಿದುಹೋಗುತ್ತಿತ್ತು. ಕೆಲವರು ಅರ್ಥಿಂಗ್ ತಂತಿಯನ್ನು ಆ ಪೈಪಿಗೇ ಸುತ್ತಿರುತ್ತಿದ್ದರು. ಪ್ಲಾಸ್ಟಿಕ್ ಪೈಪ್ ಬಂದ ಮೇಲೆ ಆ ದಾರಿ ಕಡಿದುಹೋಯಿತು. ದೋಷ ಮೊದಲೇ ಇತ್ತು, ಈಗ ನಿಮ್ಮ ಮೈಮೂಲಕ ನೆಲ ಹುಡುಕುತ್ತಿದೆ. ಟೆಸ್ಟರ್ ಹಿಡಿದು ನೀವೇ ನೋಡಲು ಹೋಗಬೇಡಿ. ಚಪ್ಪಲಿ ಹಾಕಿಕೊಂಡರೆ ಹೊಡೆಯುವುದಿಲ್ಲ ಎಂದು ಪಾತ್ರೆ ತೊಳೆಯುವವರೂ ಇದ್ದಾರೆ, ಹಾಗೆ ಒಂದು ದಿನವೂ ತಳ್ಳಬಾರದು.

ಪ್ಲಂಬರ್‌ಗೆ ಫೋನ್ ಮಾಡುವಾಗ

"ನಲ್ಲಿ ಸರಿಯಿಲ್ಲ, ಬನ್ನಿ" ಅಂದರೆ ಅವರು ಭಾನುವಾರ ಬರುತ್ತೇನೆ ಅನ್ನುತ್ತಾರೆ, ಯಾವ ಭಾನುವಾರ ಎಂದು ಹೇಳುವುದಿಲ್ಲ. "ಜಾಲರಿ ತೆಗೆದು ನೋಡಿದೆ, ಕನೆಕ್ಷನ್ ಪೈಪ್ ಬಿಚ್ಚಿ ಬಕೆಟ್ಟಿಗೆ ಬಿಟ್ಟರೂ ಸಣ್ಣಗೇ ಬರುತ್ತಿದೆ, ಬಚ್ಚಲಲ್ಲಿ ಸರಿಯಿದೆ" ಎನ್ನಿ. ಯಾವ ಸಾಮಾನು ತರಬೇಕೆಂದು ಅವರಿಗೆ ಫೋನಿನಲ್ಲೇ ಗೊತ್ತಾಗುತ್ತದೆ. ಒದ್ದೆ ಜಾಗದ ಫೋಟೋ, ಲೋಟದ ನೀರಿನ ಫೋಟೋ ಕಳಿಸಿ. ಬಿಚ್ಚಿ ತೆಗೆದ ಕಸವನ್ನು ಎಸೆಯದೆ ಒಂದು ಕಾಗದದಲ್ಲಿ ಕಟ್ಟಿಡಿ. ನಾನು ಆ ಬಿಳಿ ಪುಡಿಯ ಪೊಟ್ಟಣ ಬಿಚ್ಚಿ ತೋರಿಸಿದಾಗ ನಮ್ಮ ಪ್ಲಂಬರ್ ನಕ್ಕು, "ಸಾರ್, ನೀರು ಹರಿಸಿ ಪೈಪ್ ತೊಳೆದು ಆಮೇಲೆ ನಲ್ಲಿ ಕೂರಿಸಬೇಕಿತ್ತು" ಅಂದರು. ಮರುಕೆಲಸಕ್ಕೆ ದುಡ್ಡು ಕೇಳಲಿಲ್ಲ.